ಅರ್ಥವಾಗದವನ ಸ್ಟೂಲು

ನಾನು ಮೊದಲ ಸಲ ಎದ್ದು ಹೊರಟದ್ದು ಒಂದು ಮಂಗಳವಾರ. ಏಳನೇ ಕ್ಲಾಸು, ಲೆಕ್ಕದ ಪೀರಿಯಡ್ಡು. ಮೇಷ್ಟ್ರು "ಯಾರಿಗೆ ಅರ್ಥ ಆಗ್ಲಿಲ್ವೋ ಅವರು ಎದ್ದು ನಿಂತ್ಕೊಳ್ಳಿ" ಅಂದರು. ನಾನೊಬ್ಬನೇ ನಿಂತೆ. "ಹೊರಗೆ ಹೋಗು" ಅಂದರು. ಹೋದೆ. ಹೊರಗೆ ಗೇಟು ತೆರೆದಿತ್ತು, ಗೇಟಿನಾಚೆ ಲಾರಿ ನಿಂತಿತ್ತು, ಲಾರಿಯವನಿಗೆ ಕ್ಲೀನರ್ ಬೇಕಿತ್ತು. ಮನೆಗೆ ಹೇಳಿ ಬರಬೇಕಿತ್ತು ಅಂತ ಹೊಳೆದದ್ದು ಅರಸೀಕೆರೆ ದಾಟಿದ ಮೇಲೆ.

ಆಮೇಲೆ ದಾವಣಗೆರೆಯ ಮಿಲ್ಲು, ಹುಬ್ಬಳ್ಳಿಯ ಲಾಡ್ಜು, ಇನ್ನೆಲ್ಲೋ ಹೋಟೆಲು. ಯಾವುದರಲ್ಲೂ ಎರಡು ವರ್ಷ ತುಂಬಿಸಿದವನಲ್ಲ. ಹೋದ ಕಡೆಯೆಲ್ಲ ಏನಾದರೊಂದು ನಗೆಪಾಟಲಿನ ಪ್ರಸಂಗ ನಡೆದೇ ತೀರುತ್ತದೆ, ನಾನು ಅಲ್ಲಿದ್ದೇ ಇರುತ್ತೇನೆ. ಆದರೆ ಮೈಸೂರಿನಲ್ಲಿ, ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಲ್ಯಾಬ್ ಅಟೆಂಡರಾಗಿದ್ದ ಆ ಒಂದು ವರ್ಷವನ್ನು ನೆನೆದರೆ ಮಾತ್ರ ಬರೀ ನಕ್ಕು ಸುಮ್ಮನಾಗಲು ಆಗುವುದಿಲ್ಲ.

ಚಪ್ಪಲಿ ಹಾಜರಿ

ನಮ್ಮ ಲ್ಯಾಬಿಗೆ ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕು. ಕಂಪ್ಯೂಟರಿಗೆ ಧೂಳು ಹಿಡಿಯಬಾರದು ಅಂತ ಯಾರೋ ಎಂದೋ ಮಾಡಿದ ನಿಯಮ. ಅಲ್ಲಿನ ಕೆಲವು ಕಂಪ್ಯೂಟರುಗಳು ಹುಡುಗರ ಚಪ್ಪಲಿಗಿಂತ ಹೆಚ್ಚು ಸವೆದಿದ್ದವು, ಆದರೂ ನಿಯಮ ನಿಯಮವೇ. ವಿಭಾಗದ ಮುಖ್ಯಸ್ಥರು, ಅಂದರೆ ಎಲ್ಲರ ಬಾಯಲ್ಲಿ ಎಚ್‌ಓಡಿ ಸಾಹೇಬರು, ಒಳಗೆ ಹೋಗುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಕಾರಿಡಾರಿನಲ್ಲೇ ನಿಂತು ಚಪ್ಪಲಿ ಎಣಿಸಿ, ಎರಡರಿಂದ ಭಾಗಿಸಿ ಹಾಜರಿ ತಿಳಿದುಕೊಳ್ಳುತ್ತಿದ್ದರು.

ಆ ವರ್ಷ ಹೊಸದಾಗಿ ಒಬ್ಬರು ಅತಿಥಿ ಉಪನ್ಯಾಸಕಿ ಬಂದರು. ಕುವೆಂಪುನಗರದಿಂದ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆಯುವ ಮೊದಲೇ ಪಾಠ ಶುರು ಮಾಡುವಂಥ ಹುಡುಗಿ. ಎಚ್‌ಓಡಿ ಸಾಹೇಬರು ನನ್ನೆದುರಿಗೇ ಅವರಿಗೆ ಹೇಳಿದರು: "ನೋಡಮ್ಮ, ಹೋದ ವರ್ಷ ಈ ಪೇಪರಿನ ಕ್ಲಾಸು ಖಾಲಿ ಹೊಡೀತಿತ್ತು. ಈ ಸಲಾನೂ ಹಂಗೇ ಆದ್ರೆ ಮುಂದಿನ ವರ್ಷದ ನೇಮಕಕ್ಕೆ ನಿಮ್ಮ ಹೆಸರು ಕಳಿಸೋಕಾಗಲ್ಲ."

ಹೊರಗೆ ಬಂದು ಮೇಡಂ ನನ್ನನ್ನು ಕೇಳಿದರು. "ಅಣ್ಣ, ಇಲ್ಲಿ ಹುಡುಗರು ಕ್ಲಾಸಿಗೆ ಯಾಕೆ ಬರಲ್ಲ?"

"ಬರ್ತಾರೆ ಮೇಡಂ," ಅಂದೆ. "ಇರಲ್ಲ ಅಷ್ಟೆ."

ಮೊದಲ ಎರಡು ವಾರ ಬಾಗಿಲ ಮುಂದೆ ಚಪ್ಪಲಿಗಳ ಜಾತ್ರೆ. ಸಾಹೇಬರಿಗೆ ಖುಷಿಯೋ ಖುಷಿ. ಮೂರನೇ ವಾರ ಅವರು ಟೀ ಕುಡಿಯಲು ಕ್ಯಾಂಟೀನಿಗೆ ಹೋದರೆ ಅರ್ಧ ಕ್ಲಾಸು ಅಲ್ಲಿ ಕೂತು ಮಸಾಲೆದೋಸೆ ತಿನ್ನುತ್ತಿದೆ. ಎಲ್ಲರದೂ ಬರಿಗಾಲು. ಲ್ಯಾಬಿಗೆ ಹಿಂಬಾಗಿಲೊಂದಿತ್ತು, ಹಾಜರಿ ಕೊಟ್ಟು ಅದರಿಂದ ಜಾರಿದ್ದರು. ಸಾಹೇಬರು ಕಾಲುಗಳನ್ನೇ ನೋಡುತ್ತ, "ಚಪ್ಪಲಿ ಎಲ್ರಪ್ಪ?" ಅಂದರು.

ಒಬ್ಬ ಎದ್ದು ನಿಂತು ವಿನಯವಾಗಿ ಹೇಳಿದ: "ಕ್ಲಾಸಲ್ಲಿದಾವೆ ಸರ್."

ದುಂಡನೆಯ ಗುರುತು

ಹಿಂಬಾಗಿಲಿಗೆ ಬೀಗ ಬಿತ್ತು. ಈಗ ಹುಡುಗರು ಒಳಗಿದ್ದರು, ಆದರೆ ಮನಸ್ಸು ಫೋನಿನಲ್ಲಿತ್ತು. ಮೇಡಂ ಅರ್ಥ ಆಯ್ತಾ ಅಂತ ಕೇಳಿದರೆ ಎಲ್ಲರೂ ಒಟ್ಟಿಗೆ "ಆಯ್ತು ಮೇಡಂ". ಒಂದು ದಿನ ಅವರು ಬ್ಯಾಗು ಮೇಜಿನ ಮೇಲಿಟ್ಟವರೇ, ಪಾಠ ಶುರು ಮಾಡುವ ಮೊದಲೇ ಕೇಳಿ ನೋಡಿದರು. ಆಗಲೂ "ಆಯ್ತು ಮೇಡಂ" ಅಂತಲೇ ಬಂತು. ಪಾಪ, ಆವತ್ತು ಅವರು ಬೋರ್ಡಿನ ಕಡೆ ತಿರುಗಿ ಬಹಳ ಹೊತ್ತು ಬೋರ್ಡೇ ಒರೆಸಿದರು. ಅದರ ಮೇಲೆ ಏನೂ ಬರೆದಿರಲಿಲ್ಲ.

ಆ ವಾರವೇ ರೆಕಾರ್ಡ್ ಪುಸ್ತಕಗಳು ಬಂದವು. ಪ್ರೋಗ್ರಾಮನ್ನು ಕೈಯಲ್ಲಿ ಬರೆದು, ಅದು ಎಲ್ಲಿಂದ ಎಲ್ಲಿಗೆ ಸಾಗುತ್ತದೆ ಅಂತ ಚೌಕ, ಬಾಣ ಹಾಕಿ ಚಿತ್ರ ಬರೆದು ಒಪ್ಪಿಸಬೇಕು. ಯಾವನೋ ಹಳೇ ವಿದ್ಯಾರ್ಥಿಯ ರೆಕಾರ್ಡೊಂದು ನಮ್ಮ ಬೀರುವಿನಲ್ಲಿತ್ತು, ಎಲ್ಲರೂ ಅದನ್ನೇ ನೋಡಿ ನಕಲು ಇಳಿಸೋದು ವಾಡಿಕೆ. ಈ ಸಲ ಪ್ರತಿಯೊಬ್ಬನ ಚಿತ್ರದಲ್ಲೂ ಬಲಗಡೆ ಮೂಲೆಯಲ್ಲಿ, ಯಾವ ಬಾಣವೂ ಮುಟ್ಟದ ಒಂದು ವೃತ್ತ. ಕೆಲವರು ಕೈವಾರ ಹಿಡಿದು ಎಳೆದಿದ್ದರು.

"ಇದೇನು?" ಅಂದರು ಮೇಡಂ.

"ಕನೆಕ್ಟರ್ ಮೇಡಂ," ಅಂದಳು ಮುಂದಿನ ಬೆಂಚಿನ ಹುಡುಗಿ.

"ಯಾವುದನ್ನ ಯಾವುದಕ್ಕೆ ಕನೆಕ್ಟ್ ಮಾಡುತ್ತೆ?"

ಹುಡುಗಿ ಪಕ್ಕದವಳ ರೆಕಾರ್ಡಿನ ಕಡೆ ಕಣ್ಣು ಹಾಯಿಸಿದಳು. ನನಗೆ ತಡೆಯಲಾಗಲಿಲ್ಲ. "ಮೇಡಂ, ಅದು ನಂದು," ಅಂದೆ. "ನಾನು ಸೇರಿದ ವಾರ ಆ ರೆಕಾರ್ಡ್ ಮೇಲೆ ಕಾಫಿ ಲೋಟ ಇಟ್ಬುಟ್ಟಿದ್ದೆ."

ಸ್ಟೂಲು

ಬೈಗುಳ ಕಾದಿದೆ ಅಂದುಕೊಂಡೆ. ಮೇಡಂ ರೆಕಾರ್ಡ್ ಮುಚ್ಚಿಟ್ಟು ನನ್ನ ಕಡೆ ತಿರುಗಿದರು. "ಅಣ್ಣ, ಎಷ್ಟು ಓದಿದೀರ?"

"ಏಳನೇದರ ಅರ್ಧ."

ಮಾರನೇ ದಿನ ಬೋರ್ಡಿನ ಪಕ್ಕ ಒಂದು ಸ್ಟೂಲು ಬಂತು, ಅದರ ಮೇಲೆ ನಾನು. ಮೇಡಂ ಹೊಸ ನಿಯಮ ಹೇಳಿದರು: ಬರೆದ ಪ್ರೋಗ್ರಾಮನ್ನು ಅಣ್ಣನಿಗೆ ಕನ್ನಡದಲ್ಲಿ ವಿವರಿಸಬೇಕು. ಅಣ್ಣ ತಿಳೀತು ಅಂದರೆ ಸಹಿ. ತಿಳೀಲಿಲ್ಲ ಅಂದರೆ ಮುಂದಿನ ವಾರ.

ಮೊದಲನೆಯವನು ಫೋನು ತೆಗೆದು ಅದರಲ್ಲಿ ಬಂದದ್ದನ್ನು ಗಡಗಡ ಓದಿದ. "ಫೋನು ಏನ್ ಹೇಳ್ತು ಅಂತ ಕೇಳಿಸ್ತಪ್ಪ," ಅಂದೆ. "ನೀನೇನ್ ಹೇಳ್ತೀಯ?" ಅವನು ಫೋನು ಜೇಬಿಗಿಳಿಸಿ ಹೋಗಿ ಕೂತ.

ಎರಡನೆಯವನು ರಿಕರ್ಶನ್ ಅಂದ. ಪ್ರೋಗ್ರಾಂ ತನ್ನನ್ನೇ ತಾನು ಕರೆಯುವುದಂತೆ. "ತನ್ನನ್ನೇ ಕರೆದ್ರೆ ಬರೋದು ಯಾರು?" ಅಂದೆ. ಕ್ಲಾಸು ಗೊಳ್ಳೆಂದಿತು. ಅವನು ಒಂದು ವಾರ ತಲೆ ಕೆಡಿಸಿಕೊಂಡು ಮತ್ತೆ ಬಂದ.

"ಅಣ್ಣ, ನಿಮ್ಮ ಆಫೀಸಲ್ಲಿ ಒಂದು ಸಹಿ ಬೇಕು ಅಂದ್ಕೊಳ್ಳಿ. ಗುಮಾಸ್ತರು ‘ಸೂಪರಿಂಟೆಂಡೆಂಟರನ್ನ ಕೇಳಬೇಕು’ ಅಂತಾರೆ. ಅವರು ಮೇಲಿನವರನ್ನ ಕೇಳಬೇಕು ಅಂತಾರೆ. ಎಲ್ಲರದೂ ಅದೇ ಕೆಲಸ, ಮೇಲೆ ಕೇಳೋದು. ಕೊನೆಗೆ ಒಬ್ಬರು ಉತ್ತರ ಕೊಡ್ತಾರೆ, ಅದು ಬಂದ ದಾರೀಲೇ ವಾಪಸ್ ಇಳಿಯುತ್ತೆ."

"ಕೊನೆಯವರು ಉತ್ತರ ಕೊಡ್ದಿದ್ರೆ?"

"ಕೊಡಲೇಬೇಕು ಅಣ್ಣ. ಇಲ್ದಿದ್ರೆ ಕೇಳೋದೇ ಮುಗಿಯಲ್ಲ, ಪ್ರೋಗ್ರಾಂ ನಿಂತೋಗುತ್ತೆ."

"ಅಂಗಾದ್ರೆ ತಿಳೀತು," ಅಂದೆ. "ಆದ್ರೆ ಉದಾಹರಣೆಗೆ ನಮ್ಮ ಆಫೀಸು ಬ್ಯಾಡ ಬುಡಪ್ಪ."

ಅಜ್ಜಿಯ ಸಹಿ

ಹುಡುಗರು ಈಗ ಮೊದಲೇ ತಾಲೀಮು ಮಾಡಿಕೊಂಡು ಬರತೊಡಗಿದರು. ನನ್ನ ಪ್ರಶ್ನೆಗಳಿಗೆ ಅಷ್ಟು ಹೆದರಿಕೆ. ಕನೆಕ್ಟರ್ ಅಂದಿದ್ದ ಹುಡುಗಿಯ ಮನೆ ದೇವರಾಜ ಮೊಹಲ್ಲಾದಲ್ಲಿ, ಮಾರ್ಕೆಟ್ಟಿನಲ್ಲಿ ಅವರ ಅಜ್ಜಿಯ ವೀಳ್ಯದೆಲೆ ಅಂಗಡಿ. ವಿಂಗಡಣೆಯ, ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಮನ್ನು ಅವಳು ಅಜ್ಜಿಗೆ ವಿವರಿಸಿದಳಂತೆ: ಅಕ್ಕಪಕ್ಕದ ಎರಡೆರಡು ಎಲೆ ಹೋಲಿಸು, ದೊಡ್ಡದನ್ನು ಹಿಂದಕ್ಕೆ ಹಾಕು, ಮತ್ತೆ ಮೊದಲಿಂದ ಶುರು ಮಾಡು.

ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಅರ್ಥ ಆಯ್ತು ಕಣಮ್ಮ. ಆದ್ರೆ ಇಂಗೆ ಮಾಡ್ತಾ ಕೂತ್ರೆ ಎಲೆ ಬಾಡೋಯ್ತದೆ," ಅಂದರಂತೆ. ಅದನ್ನು ಕೇಳಿದ ಮೇಡಂ ಆ ಇಡೀ ಪೀರಿಯಡ್ಡು ಬೇಗ ವಿಂಗಡಿಸುವ ಬೇರೆ ದಾರಿ ಹೇಳಿಕೊಟ್ಟರು. ಯಾರೂ ಫೋನು ಮುಟ್ಟಲಿಲ್ಲ. ಹುಡುಗಿ ರೆಕಾರ್ಡ್ ಒಪ್ಪಿಸಿದಾಗ ಪರೀಕ್ಷಕರ ಸಹಿ ಅನ್ನುವ ಜಾಗದಲ್ಲಿ ಸುಣ್ಣದ ಒಂದು ಹೆಬ್ಬೆಟ್ಟಿತ್ತು.

ಕೆಲಸ ಹೋದದ್ದು

ವರ್ಷದ ಕೊನೆಗೆ ಎಚ್‌ಓಡಿ ಸಾಹೇಬರು ಕ್ಲಾಸು ನೋಡಲು ಬಂದರು. ಮೇಡಂ ಹೆಸರು ಕಳಿಸುವುದೋ ಬೇಡವೋ, ಆವತ್ತೇ ತೀರ್ಮಾನ. ಲ್ಯಾಬು ತುಂಬಿತ್ತು, ಬೇರೆ ಸೆಕ್ಷನ್ನಿನವರೂ ಬಂದು ಗೋಡೆಗೊರಗಿದ್ದರು. ಮೇಡಂ ಬೋರ್ಡಿನ ಮೇಲೆ ತಾರೀಕನ್ನು ಒರೆಸಿ ಒರೆಸಿ ಮೂರು ಸಲ ಬರೆದರು. ನಾನು ಸ್ಟೂಲಿನ ಮೇಲೆ ನೆಟ್ಟಗೆ ಕೂತೆ.

ಒಬ್ಬ ಹುಡುಗ ಬಂದು ಪಾಯಿಂಟರ್ ಅಂದ. "ಅಣ್ಣ, ಇದು ಮನೆ ಅಲ್ಲ..." ಅನ್ನುತ್ತಿದ್ದಂತೆ ನಾನು, "ಮನೆ ವಿಳಾಸ ಬರೆದ ಚೀಟಿ. ತಿಳೀತು, ಹೋಗು," ಅಂದುಬಿಟ್ಟೆ.

ಅವನು ಮೇಡಂ ಕಡೆ ತಿರುಗಿದ. "ನೋಡಿ ಮೇಡಂ, ತಿಂಗಳಿಂದ ಇದೇ ಗೋಳು. ನಾವು ಬಾಯಿ ಬಿಡೋ ಮೊದಲೇ ಅಣ್ಣನಿಗೆ ತಿಳಿದ್ಬುಡುತ್ತೆ. ಇವರಿಂದ ಏನೂ ಪ್ರಯೋಜನ ಇಲ್ಲ. ಏನೂ ತಿಳೀದವರು ಬೇಕು."

ಮೇಡಂ ಮುಖ ಬಿಳಿಚಿಕೊಂಡಿತು. ಹಿಂದಿನ ಬೆಂಚಿನಿಂದ ಎಚ್‌ಓಡಿ ಸಾಹೇಬರು ಎದ್ದರು. ನಿಧಾನವಾಗಿ ಬಂದು ನನಗೆ ಕೈಸನ್ನೆ ಮಾಡಿದರು. ನಾನು ಇಳಿದೆ, ಅವರು ಸ್ಟೂಲಿನ ಮೇಲೆ ಕೂತರು. "ಹೇಳಪ್ಪ," ಅಂದರು.

ಹುಡುಗ ಮೊದಲಿಂದ ಹೇಳಿದ. ಮನೆ ಅಂದ್ರೆ ಕಂಪ್ಯೂಟರ್ ಮೆಮೊರೀಲಿ ಮಾಹಿತಿ ಇರೋ ಜಾಗ. ಪಾಯಿಂಟರ್ ಆ ಮನೆ ಅಲ್ಲ ಸರ್, ಅದರ ವಿಳಾಸದ ಚೀಟಿ. ಚೀಟಿ ಹರಿದರೆ ಮನೆ ಬೀಳಲ್ಲ. ಮನೆ ಕೆಡವಿ ಚೀಟಿ ಜೇಬಲ್ಲೇ ಇಟ್ಕೊಂಡ್ರೆ, ಆ ವಿಳಾಸಕ್ಕೆ ಹೋದವನಿಗೆ ಗತಿ ಇಲ್ಲ, ಪ್ರೋಗ್ರಾಂ ಕೆಡೋದು ಹಂಗೇ. ಸಾಹೇಬರು "ಇನ್ನೊಂದ್ಸಲ" ಅಂದರು. ಅವನು ಇನ್ನೊಂದು ಸಲ ಹೇಳಿದ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಪ್ಪತ್ತೆರಡು ವರ್ಷದಿಂದ ಪಾಠ ಮಾಡ್ತಿದೀನಿ," ಅಂದರು. "ಇವತ್ತು ಅರ್ಥ ಆಯ್ತು."

ನಗಬೇಕೋ ಬೇಡವೋ ಅಂತ ಕ್ಲಾಸು ಒಂದು ಕ್ಷಣ ಕಾಯಿತು. ಅವರೇ ನಕ್ಕರು, ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಅಂದೇ ಮೇಡಂ ಹೆಸರು ಹೋಯಿತು, ಮೂರು ವಾರಕ್ಕೆ ಮಂಜೂರಾಗಿ ಬಂತು. ಆ ದಿನದಿಂದ ಸ್ಟೂಲು ಸಾಹೇಬರದಾಯಿತು. ಆ ಕ್ಲಾಸಿದ್ದರೆ ಮೀಟಿಂಗು ಬಿಟ್ಟು ಓಡಿ ಬರುತ್ತಿದ್ದರು. ಹುಡುಗರಿಗೂ ಅವರೇ ಮೇಲು, ನನಗಿಂತ ಕಷ್ಟದ ಗಿರಾಕಿ.

ನಾನು ಮತ್ತೆ ನೆಲ ಒರೆಸತೊಡಗಿದೆ. ಒಂದು ವಾರಕ್ಕೇ ಅಂಗಾಲು ತುರಿಸಲು ಶುರುವಾಯಿತು. ಹೇಳಿ ಹೋಗೋಣ ಅಂತ ಹೋದರೆ ಮೇಡಂ "ಇರಿ ಅಣ್ಣ" ಅಂದರು, ಎರಡು ಸಲ. ಆಮೇಲೆ ಅವರೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಅಶೋಕಪುರಂನ ನನ್ನ ರೂಮಿನವರೆಗೆ ಬಿಟ್ಟು ಹೋದರು.

ಎರಡು ಅಂಗಿ, ಒಂದು ರಗ್ಗು, ಷೇವಿಂಗ್ ಸೆಟ್ಟು ಬ್ಯಾಗಿಗೆ ತುಂಬುತ್ತಿದ್ದೆ. ಮನೆ ಓನರಮ್ಮ ಬಾಗಿಲಿಗೆ ಬಂದು ನಿಂತರು.

"ಏನಪ್ಪ, ಕೆಲಸದಿಂದ ತೆಗೆದ್ಬುಟ್ರಾ?"

"ಹೂಂ ಕಣಮ್ಮ, ಒಂಥರಾ ಅಂಗೇ."

"ಅಂಥಾದ್ದೇನ್ ತಪ್ಪು ಮಾಡ್ದೆ?"

"ಕಲ್ತ್ಬುಟ್ಟೆ," ಅಂದು ಬ್ಯಾಗಿನ ಜಿಪ್ಪು ಎಳೆದೆ.