ಮಾವಾರ ಕೋಕೋ ಉಂಡಿ

ನಮ್ಮ ಮನ್ಯಾಗ ಯಾವ ಸುದ್ದಿನೂ ಬಂದಹಂಗ ಉಳಿಯೂದಿಲ್ಲ ನೋಡ್ರಿ. ಹೊಚ್ಚಲಾ ದಾಟೂದ್ರಾಗ ಅದಕ್ಕ ಉಪ್ಪು, ಖಾರ ಬಿದ್ದಿರ್ತಾವ. ನಾನು ಹಾವೇರ್ಯಾಗ ಒಬ್ಬ ಹಾರ್ಟ್ ಡಾಕ್ಟರ ಕಡೆ ನರ್ಸ್. ಮನಿ ಬ್ಯಾಡಗ್ಯಾಗ. ಮನ್ಯಾಗ ಮೆಣಸಿನಕಾಯಿ ವ್ಯಾಪಾರ ಮಾಡೂ ಮಾವಾರು, ಮಾವಾರನ್ನ ಹದ್ದುಬಸ್ತಿನ್ಯಾಗ ಇಡೂ ಅತ್ತ್ಯಾರು. ಮಾವಾರಿಗೆ ಬಿ.ಪಿ. ಐತಿ, ಗುಳಿಗಿ ಬರಕೊಟ್ಟವರು ನಮ್ಮ ಡಾಕ್ಟ್ರ. ಅಲ್ಲಿಂದನ ಈ ಎಲ್ಲಾ ರಾಮಾಯಣ!

೧. ಡಾಕ್ಟರಿಗೇ ಔಷಧ

ಒಂದಿನ ನಮ್ಮ ಡಾಕ್ಟ್ರು ಪೇಶಂಟ್ ಮಂದಿಗೆ ತಿಳಿಸಿ ಹೇಳಾಕತ್ತಿದ್ರು. “ಸಕ್ಕರಿ ಇಲ್ಲದ ಕೋಕೋ ಪುಡಿ ಸ್ವಲ್ಪ ತಗೊಂಡ್ರ ರಕ್ತನಾಳ ಒಂಚೂರು ಸಡಿಲಾಗ್ತಾವ, ಬಿ.ಪಿ. ಒಂದೀಟು ಇಳದ್ರೂ ಇಳೀಬಹುದು. ಆದ್ರ ಗುಳಿಗಿ ಬಿಡೂಹಂಗಿಲ್ಲ! ಪ್ಯಾಟ್ಯಾಗಿನ ಚಾಕಲೇಟ್‌ನ್ಯಾಗ ಸಕ್ಕರಿನ ಜಾಸ್ತಿ, ಅದನ್ನ ನಂಬಬ್ಯಾಡ್ರಿ!”

ಅಗಡಿಯಿಂದ ಬರೂ ಒಬ್ಬ ಅಜ್ಜಿ ಬಾಯಿ ತಕ್ಕೊಂಡು ಕೇಳ್ಕೋತ ಕುಂತಿದ್ಲು. ಮುಂದಿನ ಸಲ ಬಂದಾಕಿನ ಡಾಕ್ಟರ ಟೇಬಲ್ ಮ್ಯಾಲ ಒಂದು ಚಾಕಲೇಟ್ ಇಟ್ಲು.

“ಇದ್ಯಾಕಬೇ?” ಅಂದ್ರು ಡಾಕ್ಟ್ರು.

“ನೀವ ತಿನ್ರಿ ಸಾಹೇಬ್ರ. ಮುಂಜಾನಿಂದ ನಮ್ಮ ಮ್ಯಾಲ ಒದರಾಕತ್ತೀರಿ. ಮದ್ಲ ನಿಮ್ಮ ಹಾರ್ಟ್ ನೋಡ್ಕೋರಿ!”

ಡಾಕ್ಟ್ರು ಅವತ್ತು ಸಂಜೀತನಾ ಮೆತ್ತಗ ಮಾತಾಡಿದ್ರು.

೨. ಅರ್ಧಾ ಹೇಳಿದ್ರ ಪೂರಾ

ನನ್ನ ಬಾಯಿ ಸುಮ್ನಿರಬೇಕಲ್ಲ! ಈ ಮಾತು ಮನ್ಯಾಗ ಹೇಳಿದೆ. ಮಾವಾರು ಕುಂತಲ್ಲಿಂದ ಜಿಗಿದೆದ್ರು.

“ಹಂಗಾರ ಕೋಕೋ ಇದ್ಮ್ಯಾಲ ಗುಳಿಗಿ ಯಾಕ ಬೇಕು?”

“ಮಾವಾರ, ನಾ ಹಂಗ ಅಂದಿಲ್ರಿ!”

“ಏ ತಂಗಿ, ಅರ್ಧಾ ಹೇಳಿದ್ರ ಪೂರಾ ತಿಳ್ಕೊಳ್ಳಾವಗನ ವ್ಯಾಪಾರಸ್ಥ ಅಂತಾರ.”

ಮರುದಿನನ ರಾಣೇಬೆನ್ನೂರಿಗೆ ಹೋಗಿ, ಕೇಕಿನ ಸಾಮಾನು ಮಾರೂ ಅಂಗಡಿಯಿಂದ ಕೋಕೋ ಪುಡಿ ಪಾಕೀಟು ಹಿಡ್ಕೊಂಡು ಬಂದ್ರು. ಗುಳಿಗಿ ಎಲ್ಲಾ ಗ್ವಾಡಿ ಮಾಡದಾಗಿನ ಚಿಮಣಿ ದೀಪದ ಹಿಂದ ಹೋದ್ವು. ನನಗ ಸಿಟ್ಟು ಬಂತು, ಎಷ್ಟು ಹೇಳಿದ್ರೂ ಅವರು ಕೇಳ್ಲಿಲ್ಲ.

೩. ಹಾರ್ಟಿನ ಹಿಂಡಿ

ಪಾಕೀಟು ಅತ್ತ್ಯಾರ ಕೈಗೆ ಹೋತು. ನಮ್ಮ ಕಡೆ ಪುಡಿ ಅಂದ್ರ ರೊಟ್ಟಿ ಜೋಡಿ ಹಚ್ಕೊಳ್ಳೂ ಹಿಂಡಿ, ಅಂದ್ರ ಚಟ್ನಿಪುಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಹುಚ್ಚೆಳ್ಳು ಅಂತಾರಲ್ಲ, ಆ ಕರ್ರನ್ನ ಗುರೆಳ್ಳು ಹಿಂಡಿ ಎಲ್ಲಾ ಡಬ್ಬಿ ಸಾಲಾಗಿ ಇರ್ತಾವ. ಅತ್ತ್ಯಾರು ಮತ್ತೇನು ವಿಚಾರ ಮಾಡ್ಲಿಲ್ಲ. ಇಡೀ ಪಾಕೀಟು ಸುರುವಿ, ಬಳ್ಳೊಳ್ಳಿ, ಉಪ್ಪು, ನಮ್ಮ ಮೆಣಸಿನಕಾಯಿ ಹಾಕಿ ಕುಟ್ಟೇಬಿಟ್ರು!

ಮಾವಾರು ಬಿಸಿ ರೊಟ್ಟಿಗೆ ಹಚ್ಚಿ, ಎಣ್ಣಿ ಹಾಕ್ಕೊಂಡು ಒಂದು ತುತ್ತು ಬಾಯಾಗ ಇಟ್ರು. ಕಣ್ಣಾಗ ನೀರು!

“ಏನಿದು ವಿಷಾ?”

“ನಿಮ್ಮ ಹಾರ್ಟಿನ ಹಿಂಡಿ. ಬಾಯಿ ಮುಚ್ಕೊಂಡು ಉಣ್ರಿ.”

ಪ್ಯಾಟ್ಯಾಗೆಲ್ಲಾ ಕೋಕೋದ ಬಡಾಯಿ ಕೊಚ್ಚಿಕೊಂಡಿದ್ರಲ್ಲ, ಪಾಪ, ಉಂಡ್ರು. ನಮ್ಮ ಮನಿ ಎಮ್ಮಿಗೂ ಒಂದೀಟು ಇಟ್ಟು ನೋಡಿದ್ವಿ. ಅದು ಮಾರಿ ತಿರುವಿ ನಿಂತಿತು.

೪. ಮದ್ಲ ಗುಳಿಗಿ

ಒಂದು ವಾರದಾಗ ಮಾವಾರಿಗೆ ತಲಿ ಗಿರ್ರ್ ಅನ್ನಾಕತ್ತಿತು. ಬಿ.ಪಿ. ನೋಡಿದ್ರ ಸಿಕ್ಕಾಪಟ್ಟೆ ಏರಿತ್ತು. “ಮಾವಾರ, ಇದು ಹಿಂಗ ಏರಿದ್ರ ಲಕ್ವಾ ಹೊಡೀತೈತ್ರಿ!” ಅಂದ್ರ, “ಕೋಕೋ ಮೈಗೆ ಹತ್ತಾಕ ಟೈಮ್ ಬೇಕವಾ” ಅಂತ ಹಟ. ನಾನು ಅಳಾಕ ಹತ್ತಿದೆ. ಖರೇನ ಅಂಜಿಕಿ ಬಂದಿತ್ತು.

ಅತ್ತ್ಯಾರು ಮಾಡದಾಗಿನ ಗುಳಿಗಿ ತಗದ್ರು. “ಮುಂಜಾನಿಗೊಂದು ಕೋಕೋ ಉಂಡಿ ಮಾಡಿ ಕೊಡ್ತೇನಿ. ಮದ್ಲ ಗುಳಿಗಿ, ಆಮ್ಯಾಲ ಉಂಡಿ. ಒಪ್ಪಿಗಿ ಇದ್ರ ಹೇಳ್ರಿ.”

ಉಂಡಿ ಆಸೆಕ್ಕ ಮಾವಾರು ಒಪ್ಪಿದ್ರು! ದಿನಾ ಗುಳಿಗಿ ನುಂಗಿ, ಸಾಲಿ ಹುಡುಗರಂಗ ನಾಲಿಗಿ ತೋರಿಸಿ, ಒಂದು ಸಣ್ಣ ಕರೀ ಉಂಡಿ ಇಸ್ಕೊಂಡು ಬಾಯಾಗ ಹಾಕ್ಕೊಳ್ಳೂದು. “ಫಾರಿನ್ ಮಾಲು ಅಂದ್ರ ಫಾರಿನ್ ಮಾಲು!” ಅಂತ ಪ್ಯಾಟಿ ತುಂಬ ಹೊಗಳೂದು.

ತಿಂಗಳ ಮ್ಯಾಲ ಇಬ್ಬರನ್ನೂ ಹಾವೇರಿಗೆ ಕರ್ಕೊಂಡು ಹೋದೆ. ಬಿ.ಪಿ. ಅಗದೀ ಬರೋಬ್ಬರಿ! ನನಗ ಕುಣೀಬೇಕು ಅನ್ನಿಸ್ತು. ಡಾಕ್ಟ್ರು “ಶಾಭಾಶ್! ಏನ ಮಾಡಿದ್ರಿ?” ಅಂದ್ರು.

ಮಾವಾರು ಹೊರಗ ಕುಂತ ಮಂದಿಗೂ ಕೇಳೂಹಂಗ ಒದರಿದ್ರು. “ಎಲ್ಲಾ ಕೋಕೋ ಉಂಡಿ ಕಮಾಲ್ರಿ!”

ಬಾಗಲಾಗ ಮಂದಿ ಬಂದು ಮುಕರಿದ್ರು. ಎಲ್ಲಾರಕಿಂತ ಮುಂದ ಅಗಡಿ ಅಜ್ಜಿ. “ಆ ಉಂಡಿ ಎಲ್ಲಿ ಸಿಗ್ತೈತ್ರಿ? ನಾನೂ ಗುಳಿಗಿ ಬಿಡ್ತೇನಿ!”

ಡಾಕ್ಟರ ಮಾರಿ ಕೆಂಪಾತು. ಆದ್ರ ಅವರು ಒದರೂದ್ರಾಗ ಅತ್ತ್ಯಾರು ಸೆರಗು ಸಿಗಿಸಿ ಎದ್ದು ನಿಂತ್ರು.

“ಯಾರೂ ಗುಳಿಗಿ ಬಿಡಬ್ಯಾಡ್ರೆವಾ! ಆ ಪುಡಿ ಅವತ್ತ ಹಿಂಡ್ಯಾಗ ಮುಗೀತು. ಇವರು ತಿಂಗಳಪೂರ್ತಿ ತಿಂದದ್ದು ನಮ್ಮ ಹೊಲದಾಗಿನ ಗುರೆಳ್ಳು, ಒಂದು ಚೂರು ಬೆಲ್ಲ!”

ದವಾಖಾನಿಗೆ ದವಾಖಾನಿನ ನಕ್ಕಿತು. ಡಾಕ್ಟ್ರು ಕುರ್ಚಿ ಹಿಡ್ಕೊಂಡು ನಕ್ರು. ಮಾವಾರು ಮಾತ್ರ ನಗಲಿಲ್ಲ. ಅತ್ತ್ಯಾರ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು, ಆಮ್ಯಾಲ ಸಣ್ಣ ದನಿಲೇ ಕೇಳಿದ್ರು.

“ಗುಳಿಗಿ ಆದ್ರೂ ಖರೇವ ಇದ್ವೋ ಇಲ್ಲೋ?”