ಮಾವನ ಕಣ್ಣು, ನನ್ನ ಎಚ್‌ಡಿಆರ್

ಐವತ್ತರ ಹತ್ತಿರ ಬಂದಾಗ ಮನುಷ್ಯನಿಗೆ ಏನಾದರೊಂದು ಅಂಟಿಕೊಳ್ಳುತ್ತದೆ. ನನ್ನ ಜೊತೆಯವರಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬಂತು, ಕೆಲವರಿಗೆ ಭಕ್ತಿ ಬಂತು. ಒಬ್ಬರಿಗೆ ಎರಡೂ ಒಟ್ಟಿಗೆ ಬಂದು, ಪ್ರಸಾದ ಹಂಚುವ ಹೊತ್ತಿಗೆ ಬಹಳ ಒದ್ದಾಡುತ್ತಾರೆ. ನನಗೆ ಬಂದದ್ದು ಕಂಪ್ಯೂಟರ್ ಆಟ. ಅದೂ ಗುಂಡು ಹಾರಿಸುವ ಆಟವಲ್ಲ, ಒಕ್ಕಲುತನದ ಆಟ. ಪರದೆಯ ಮೇಲೊಂದು ಹೊಲ, ಒಂದು ಟ್ರ್ಯಾಕ್ಟರು. ಉಳಬೇಕು, ಬಿತ್ತಬೇಕು, ರಾಶಿ ಮಾಡಬೇಕು. ವಿಜಯಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಹುಟ್ಟಿದ್ದು ಕಳ್ಳಕವಟಗಿಯ ರೈತರ ಮನೆಯಲ್ಲಿ. ಅಲ್ಲಿ ನಿಜವಾದ ಹೊಲ, ನಿಜವಾದ ಟ್ರ್ಯಾಕ್ಟರು ಇವೆ. ಅವನ್ನು ತಮ್ಮ ನೋಡಿಕೊಳ್ಳುತ್ತಾನೆ. "ಊರಿಗೆ ಹೋದ್ರ ಬಿಸಲು ಅಂತ ಹೊರಸಿನ ಮ್ಯಾಗಿಂದ ಏಳಂಗಿಲ್ಲ, ಇಲ್ಲಿ ಫ್ಯಾನಿನ ಬುಡಕ ಕುಂತು ಹೊಲ ಹರಗಾಕತ್ತಾರ ನೋಡ್ರಿ," ಎಂದು ನನ್ನ ಹೆಂಡತಿ ಸುವರ್ಣಾ ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ.

ಹೀಗಿರುವಾಗ ಹಳೆಯ ಮಾನಿಟರ್ ಕೆಟ್ಟಿತು. ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಲ್ಲಿ ಹೊಸದನ್ನು ಕೊಂಡೆ. ಅದರ ಡಬ್ಬಿಯ ಮೇಲೆ ಎಚ್‌ಡಿಆರ್ ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಹಾಗೆಂದರೇನು ಎಂದು ಅಂಗಡಿಯವನನ್ನು ಕೇಳಿದೆ. "ಅದು ಹೇಳಿದ್ರ ಗೊತ್ತಾಗಂಗಿಲ್ರಿ ಸರ್, ನೋಡಿದ್ರ ಗೊತ್ತಾಗ್ತದ," ಎಂದ. ಅಷ್ಟು ವೇದಾಂತ ಕೇಳಿದ ಮೇಲೆ ಬಿಟ್ಟು ಬರುವುದು ಹೇಗೆ? ಮರುದಿನ ಭೌತಶಾಸ್ತ್ರದ ಇಮ್ತಿಯಾಜ್ ಸರ್ ಬಿಡಿಸಿ ಹೇಳಿದರು. ನನ್ನ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವರು ಅವರೇ. ಲಿನಕ್ಸ್ ವಿಷಯ ಬಂದರೆ ಅವರು ಕೈಯಲ್ಲಿರುವ ಚಹಾ ಆರಿದರೂ ಮಾತು ನಿಲ್ಲಿಸುವುದಿಲ್ಲ. "ಕತ್ತಲಿದ್ದಲ್ಲಿ ಖರೇನ ಕತ್ತಲಿ, ಬೆಳಕಿದ್ದಲ್ಲಿ ಖರೇನ ಬೆಳಕು ಕಾಣ್ತದ್ರಿ. ಆಟದಾಗ ಸೂರ್ಯಾ ಎದ್ದಂದ್ರ ಕಣ್ಣು ಕುಕ್ಕಬೇಕು," ಎಂದರು. ಕಣ್ಣು ಕುಕ್ಕುವ ಸೂರ್ಯ ವಿಜಯಪುರದಲ್ಲಿ ಬಾಗಿಲು ತೆರೆದರೆ ಸಾಕು, ಬಿಟ್ಟಿಯಾಗಿ ಸಿಗುತ್ತಾನಲ್ಲ ಎಂದೆ. "ಅದು ಬ್ಯಾರೇರಿ," ಎಂದು ಅವರು ನನ್ನನ್ನು ಕರುಣೆಯಿಂದ ನೋಡಿದರು.

ಮನೆಗೆ ಬಂದು ಸೆಟ್ಟಿಂಗ್ಸ್ ತೆರೆದರೆ ಎಚ್‌ಡಿಆರ್ ಎಂಬ ಸ್ವಿಚ್ಚೇ ಇರಲಿಲ್ಲ. ಫೋನು ಮಾಡಿದೆ. "ನೀವು ಹಳೇ ಪದ್ಧತಿಯೊಳಗ ಲಾಗಿನ್ ಆಗೀರಿ ಸರ್, ವೇಲ್ಯಾಂಡಿಗೆ ಬರ್ರಿ," ಎಂದರು ಇಮ್ತಿಯಾಜ್. ವೇಲ್ಯಾಂಡ್ ಎಂಬುದು ಯಾವುದೋ ಹೊಸ ಬಡಾವಣೆ ಇರಬೇಕೆಂದು ಚಪ್ಪಲಿ ಮೆಟ್ಟಲು ಹೊರಟಿದ್ದೆ. ಅದು ಕಂಪ್ಯೂಟರಿನ ಒಳಗೇ ಇರುವ, ಪರದೆಯ ಮೇಲೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆಯಂತೆ. ಕೊನೆಗೂ ಸ್ವಿಚ್ಚು ಕಂಡಿತು, ಒತ್ತಿದೆ. ಪರದೆ ಒಂದು ಕ್ಷಣ ಕಪ್ಪಾಯಿತು. ಮತ್ತೆ ಬಂದಾಗ ಎಲ್ಲ ಬಣ್ಣವೂ ಹತ್ತಾರು ಸಲ ಒಗೆದ ಲುಂಗಿಯಂತಾಗಿತ್ತು. ಆಟ ಹಚ್ಚಿದೆ. ಹೊಲದ ತುಂಬ ಬಿಳಿಚು. ಆಟದೊಳಗೂ ಎಚ್‌ಡಿಆರ್ ಎಂಬ ಇನ್ನೊಂದು ಸ್ವಿಚ್ಚಿತ್ತು, ಆದರೆ ಅದು ಒತ್ತಲಾಗದಂತೆ ಮಂಕಾಗಿ ಕೂತಿತ್ತು. ಈ ಆಟವನ್ನು ಬರೆದದ್ದು ವಿಂಡೋಸ್‌ಗಾಗಿ. ಲಿನಕ್ಸ್‌ನಲ್ಲಿ ನಡುವೆ ಒಂದು ತಂತ್ರಾಂಶ ಕೂತು ದುಭಾಷಿಯ ಕೆಲಸ ಮಾಡುತ್ತದೆ. ಎಚ್‌ಡಿಆರ್ ಇದೆಯೆಂದು ಆ ದುಭಾಷಿಗೂ ಬೇರೆಯಾಗಿ ಒಂದು ಸಾಲು ಬರೆದು ತಿಳಿಸಬೇಕು. ಯಾವ ಸಾಲು ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ, ಒಬ್ಬ ಹೇಳಿದ್ದನ್ನು ಇನ್ನೊಬ್ಬ ಹಳೆಯದೆನ್ನುತ್ತಿದ್ದ. ಆ ಇನ್ನೊಬ್ಬನಿಗೆ ಮೂರನೆಯವ, ನಿನಗೆ ಓದಲು ಬರುವುದಿಲ್ಲವೇ ಎಂದು ಬೈದಿದ್ದ.

ಇದರ ನಡುವೆ ಮಾವ ಬಂದರು. ಅವರು ಸುವರ್ಣಾಳ ತಂದೆ, ನನ್ನ ತಾಯಿಯ ತಮ್ಮ. ನಿಡೋಣಿಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ನನ್ನನ್ನು ಎತ್ತಿ ಆಡಿಸಿದವರಾದ್ದರಿಂದ ಅಳಿಯನೆಂಬ ಮರ್ಯಾದೆಯನ್ನು ನನಗೆ ಎಂದೂ ಕೊಟ್ಟವರಲ್ಲ. ತಿಕೋಟಾದ ಒಂದು ಮದುವೆಯಲ್ಲಿ ಅವರು ವೇದಿಕೆ ಹತ್ತಿ, ಫೋಟೋಗ್ರಾಫರನ ತಲೆಗೆ ಅಕ್ಷತೆ ಹಾಕಿ ನೂರು ವರ್ಷ ಬಾಳೆಂದು ಹರಸಿದ್ದರು. ಅದನ್ನು ಕಂಡ ಸುವರ್ಣಾ ಹಟ ಹಿಡಿದು ಕಣ್ಣಿನ ಡಾಕ್ಟರಿಗೆ ತೋರಿಸಿದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಮಾವ ಒಪ್ಪಲಿಲ್ಲ. "ನನ್ನ ಕಣ್ಣಿಗೆ ಏನೂ ಆಗಿಲ್ಲ ಬೇ, ಎಲ್ಲಾ ಚೊಲೋ ಕಾಣತೈತಿ," ಎಂದು ಮಗಳಿಗೆ ಹೇಳಿ, ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತರು. ಆಗ ನಾನು ಸ್ವಿಚ್ಚನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದೆ. ಫರಕು ಕಾಣುತ್ತದೆಯೇ ಎಂದು ಸುವರ್ಣಾಳನ್ನು ಕೇಳಿದರೆ ಇಲ್ಲವೆನ್ನುತ್ತಿದ್ದಳು. ಇಮ್ತಿಯಾಜ್ ಸರ್ ಒಮ್ಮೆ ಬಂದಾಗ, ನಾನು ಒತ್ತುವ ಮೊದಲೇ ಕಾಣುತ್ತದೆ ಎಂದಿದ್ದರು. ಯಾರೂ ಸಿಗದೆ ಮಾವನನ್ನೇ ಕೇಳಿದೆ.

ಮಾವ ಪರದೆಯನ್ನು ಬಹಳ ಹೊತ್ತು ನೋಡಿ, "ಹೊಲದ ತುಂಬ ಮಂಜು ಬಿದ್ದಂಗ ಐತಲ್ಲೋ ಮಲ್ಲು," ಎಂದರು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಷ್ಟು ದಿನ ನನಗೆ ಹೇಳಲು ಬಾರದಿದ್ದ ಮಾತು ಅದು! "ಖರೇ ಹೇಳಿದ್ರಿ ಮಾವಾ! ಮಂಜ ಅದು! ನನಗೂ ಹಂಗ ಕಾಣಾಕತ್ತೈತಿ!" ಎಂದೆ. ಮನೆಯಲ್ಲಿ ಬಣ್ಣದ ಸೂಕ್ಷ್ಮ ತಿಳಿದವರು ಇವರೊಬ್ಬರೇ ಎಂದು ಹೆಮ್ಮೆಯಾಯಿತು. ಆ ಸಂಜೆ ಇಬ್ಬರೂ ಸೇರಿ ಮಂಜಿನ ಬಗ್ಗೆ ಎಷ್ಟು ಚರ್ಚಿಸಿದೆವೆಂದರೆ ಸುವರ್ಣಾ ಮಾಡಿಟ್ಟ ಚಹಾಕ್ಕೆ ಕೆನೆ ಕಟ್ಟಿತು. ಅವಳು ಆಪರೇಷನ್ನಿನ ಮಾತು ತೆಗೆದದ್ದೇ ತಡ, ಮಾವ ಗುಡುಗಿದರು: "ನಿನ್ನ ಗಂಡಗೂ ಮಂಜ ಕಾಣತೈತಿ. ಅವಗೂ ಕಣ್ಣು ಕೊಯ್ಸಾಕಿ ಏನು? ಕೆಟ್ಟದ್ದು ಈ ಟೀವಿ, ನನ್ನ ಕಣ್ಣಲ್ಲ!"

ಸುವರ್ಣಾ ನನ್ನನ್ನು ಅಡುಗೆಮನೆಗೆ ಕರೆದಳು. ಕರೆದ ದನಿಯಲ್ಲೇ ಎಲ್ಲ ಇತ್ತು. "ಡಾಕ್ಟರು ದಿವಸ ಕೊಟ್ಟಾರ. ನಿಮ್ಮ ಆಟದ ಸಲುವಾಗಿ ನಮ್ಮಪ್ಪ ಕುರುಡಾದ್ರ ಏನ್ ಮಾಡೋದ್ರಿ? ಮೊದಲ ಅದನ್ನ ನೆಟ್ಟಗ ಮಾಡ್ರಿ, ಅವಗ ನೆಪಾನ ಇರಬಾರದು," ಎಂದಳು. ಕಣ್ಣಲ್ಲಿ ನೀರಿತ್ತು. ಅಲ್ಲಿಯವರೆಗೆ ಎಚ್‌ಡಿಆರ್ ನನ್ನ ಚಟವಾಗಿತ್ತು. ಆ ಗಳಿಗೆಯಿಂದ ಮನೆತನದ ಪ್ರಶ್ನೆಯಾಯಿತು.

ಭಾನುವಾರ ಬೆಳಿಗ್ಗೆ ಇಮ್ತಿಯಾಜ್ ಸರ್ ಬಂದರು. ಅವರಿಗೂ ಪೂರ್ತಿ ಗೊತ್ತಿರಲಿಲ್ಲವೆಂಬುದು ಆಗ ತಿಳಿಯಿತು. ಆದರೆ ಗೊತ್ತಿಲ್ಲದ್ದನ್ನು ಅವರು ಬಹಳ ಧೈರ್ಯದಿಂದ ಮಾಡುತ್ತಾರೆ. ಒಂದು ಸಾಲು ಬರೆದರು, ಆಟವೇ ತೆರೆಯಲಿಲ್ಲ. ಇನ್ನೊಂದು ಬರೆದರು, ಆಟ ತೆರೆಯಿತು, ದನಿ ಹೋಯಿತು. ಸಾಧಾರಣ ಬಣ್ಣಗಳ ಬೆಳಕನ್ನು ಹೊಂದಿಸುವ ಒಂದು ಪಟ್ಟಿಯನ್ನು ಅತ್ತ ಇತ್ತ ಎಳೆದಾಗ, ಲುಂಗಿಗೆ ಅದರ ಬಣ್ಣ ಮರಳಿ ಬಂತು. ಕೊನೆಗೆ, ಏನು ಮಾಡಿದರೋ ಅವರಿಗೂ ತಿಳಿಯದು, ಆಟದೊಳಗಿನ ಮಂಕು ಸ್ವಿಚ್ಚು ಜೀವ ಪಡೆಯಿತು. ಒತ್ತಿದೆವು. ನನ್ನ ಹೊಲದಲ್ಲಿ ಸೂರ್ಯ ಹುಟ್ಟಿದ. ಸುಳ್ಳಲ್ಲ, ನಾನು ಕಣ್ಣು ಕಿರಿದು ಮಾಡಿದೆ. ಟ್ರ್ಯಾಕ್ಟರಿನ ಬಾನೆಟ್ ಮೇಲೆ ಬಿಸಿಲು ಥಳಥಳಿಸುತ್ತಿತ್ತು, ಅದರ ಕೆಳಗಿನ ನೆರಳು ತಣ್ಣಗಿತ್ತು. ಸುವರ್ಣಾ ಕೂಡ, "ಅಯ್ಯ ಹೌದಲ್ರಿ!" ಎಂದಳು. ಎಲ್ಲರೂ ಮಾವನ ಕಡೆ ತಿರುಗಿದೆವು.

ಮಾವ ಮುಂದೆ ಬಾಗಿದರು. ಹಿಂದೆ ಸರಿದರು. "ಇನ್ನೂ ಮಂಜ ಐತಿ," ಎಂದರು, ಬಹಳ ಮೆಲ್ಲಗೆ.

ಇಮ್ತಿಯಾಜ್ ಸರ್ ಸುಮ್ಮನೆ ಕೇಬಲ್ ಸುತ್ತತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಮಾವ ನನ್ನ ಮೊಣಕೈ ಹಿಡಿದು ಅಂಗಳಕ್ಕೆ ಕರೆದೊಯ್ದರು. "ಕಣ್ಣಾಗ ಕತ್ತರಿ ಹಾಕ್ತಾರಂತಲ್ಲೋ? ಹಂಗ ಕತ್ತಲಿ ಆಗಿಬಿಟ್ರ ಬಳ್ಳಿ ಯಾರು ನೋಡ್ತಾರ?" ಎಂದರು. ಇಂಜೆಕ್ಷನ್ ಕಂಡರೆ ಗೋಡೆ ಹಿಡಿಯುವ ನಾನು ಯಾವ ಧೈರ್ಯ ಹೇಳಲಿ? "ನಾನೂ ಬರ್ತೀನಿ ಮಾವಾ, ಬಾಗಲಾಗ ಕುಂಡರ್ತೀನಿ," ಎಂದೆ. "ನೀ ಬಂದು ಏನ್ ಮಾಡ್ತಿ?" ಎಂದರು. ಆದರೂ ಮೊಣಕೈ ಬಿಡಲಿಲ್ಲ.

ಒಂದು ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು. ಪಟ್ಟಿ ಬಿಚ್ಚಿದ ಮಾರನೆಯ ದಿನ, ಕಪ್ಪು ಕನ್ನಡಕ ತೆಗೆದು ಮಾವ ನನ್ನ ಕಂಪ್ಯೂಟರಿನ ಮುಂದೆ ಕೂತರು. "ಯಪ್ಪಾ! ಈಗ ಖರೇನ ಬೆಳಗಾತು ನೋಡು! ಏನ್ ಬೆಳಕಲೇ ಇದು!" ಎಂದು ತೊಡೆ ತಟ್ಟಿದರು. ನಾನು ಉಬ್ಬಿಹೋಗಿ ಇಮ್ತಿಯಾಜ್ ಸರ್‌ಗೆ ಫೋನು ಮಾಡಿದೆ. ನಮ್ಮ ಎಚ್‌ಡಿಆರ್ ಪಾಸಾಯಿತು ಎಂದೆ. "ಹೊಸಾ ಅಪ್‌ಡೇಟ್ ಬಂದೈತ್ರಿ, ನಂದಂತೂ ಎಚ್‌ಡಿಆರ್ ಬಂದ್ ಆಗೈತಿ. ನಿಮ್ದು ಚಾಲೂ ಐತೇನು ನೋಡ್ರಿ," ಎಂದರು ಅವರು. ನೋಡಿದೆ. ಎಚ್‌ಡಿಆರ್ ಬಂದ್ ಆಗಿತ್ತು. ಯಾವಾಗಿನಿಂದ ಎಂದು ದೇವರಿಗೇ ಗೊತ್ತು; ಅಪ್‌ಡೇಟ್ ಬಂದಂದಿನಿಂದ ನಾನೂ ದಿನಾ ಅದೇ ಪರದೆಯ ಮುಂದೆ ಕೂತು, ಆಹಾ ಎಂಥ ಬೆಳಕು ಎಂದು ಆನಂದಪಡುತ್ತಿದ್ದೆ.

ಹಾಗಾದರೆ ಆ ಭಾನುವಾರ ನಾನು ಕಂಡ ಸೂರ್ಯ ಯಾವುದು ಎಂದು ತಲೆ ಕೆರೆದುಕೊಳ್ಳುತ್ತ ಕೂತಿದ್ದೆ. ಮಾವ ಪರದೆಯನ್ನು ಬಿಟ್ಟು ನನ್ನ ಕಡೆ ತಿರುಗಿದ್ದರು. ಹೊಸ ಕಣ್ಣಿನಿಂದ ನನ್ನನ್ನು ತಲೆಯಿಂದ ಹೊಟ್ಟೆಯವರೆಗೆ ನಿಧಾನವಾಗಿ ನೋಡಿ, ಮಗಳನ್ನು ಕೂಗಿದರು: "ಸುವರ್ಣಾ, ಇಲ್ಲಿ ಬಾ ಬೇ. ಇವ ಇಷ್ಟ್ಯಾಕ ಮುದುಕ ಆಗ್ಯಾನ? ಯಾರೂ ನನಗ ಹೇಳೇ ಇಲ್ಲಲ್ಲ!"

ಮುಂದಿನ ತಿಂಗಳು ಅವರ ಇನ್ನೊಂದು ಕಣ್ಣಿನ ಆಪರೇಷನ್. ಈಗ ಮಾವ ತಾವಾಗಿಯೇ ಅವಸರ ಮಾಡುತ್ತಿದ್ದಾರೆ. ಸ್ವಲ್ಪ ತಡವಾದರೂ ನಡೆಯುತ್ತದೆ ಎನ್ನುತ್ತಿರುವವನು ನಾನೊಬ್ಬನೇ.