ಔರಾದದಲ್ಲಿ ಕಳಚಿದ ಕ್ಯಾಪು

ಹೇಗೋ ನಡೆದುಕೊಂಡು ಹೋಗುತ್ತಿರುವ ವಸ್ತುವನ್ನು ರಿಪೇರಿಗೆ ಕೊಟ್ಟು ಯಾಕೆ ಕೆಣಕಬೇಕು ಎನ್ನುವ ಜಾತಿಯವನು ನಾನು. ನಮ್ಮ ಮನೆಯ ಮಿಕ್ಸರಿನ ಮುಚ್ಚಳದ ರಬ್ಬರ್ ಸವೆದು ಬಹಳ ಕಾಲವಾಯಿತು. ಅಂಗೈಯಿಂದ ಅದುಮಿ ಹಿಡಿದರೆ ಚಟ್ನಿಯ ಬಹುಪಾಲು ಒಳಗೇ ಉಳಿಯುತ್ತದೆ. ಸ್ಕೂಟರನ್ನು ಇಳಿಜಾರು ನೋಡಿ ನಿಲ್ಲಿಸಿದರೆ ಸಾಕು, ಚಾಲೂ ಆಗುವ ಚಿಂತೆಯಿಲ್ಲ. ನನ್ನ ಹೆಂಡತಿ ಮಹಾನಂದಾಳಿಗೆ ಇದು ಒಪ್ಪಿಗೆಯಿಲ್ಲ. “ನಿಮ್ಮ ಕೈಯಾಗ ಸಿಕ್ಕ ಸಾಮಾನಿಗಿ ಸಾಯೋತನಕ ದವಾಖಾನಿ ಇಲ್ಲ ನೋಡ್ರಿ” ಎನ್ನುತ್ತಾಳೆ. ಈ ಧೋರಣೆ ಮಿಕ್ಸರು, ಸ್ಕೂಟರುಗಳಿಗೆ ನಿಂತಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅದು ನನ್ನ ಬಾಯಿಯೊಳಗೂ ಕಾಲಿಟ್ಟಿತು.

ನಾನು ಭಾಲ್ಕಿಯಲ್ಲಿ ಹೈಸ್ಕೂಲ್ ಕನ್ನಡ ಮಾಸ್ತರ. ವರ್ಷಗಳ ಹಿಂದೆ ಶಾಲೆಯ ಮೈದಾನದಲ್ಲಿ ಹುಡುಗರಿಗೆ ಕ್ಯಾಚ್ ಹಿಡಿಯುವುದು ಹೇಗೆಂದು ತೋರಿಸಲು ಹೋಗಿ, ಚೆಂಡನ್ನು ಬಾಯಿಂದ ಹಿಡಿದು, ಮೇಲಿನ ಮುಂದಿನ ಹಲ್ಲೊಂದನ್ನು ಕಳೆದುಕೊಂಡಿದ್ದೆ. ಬೀದರದ ಡಾಕ್ಟರಮ್ಮ ದವಡೆಯ ಎಲುಬಿನೊಳಗೆ ಲೋಹದ ಸ್ಕ್ರೂ ಕೂಡಿಸಿ, ಅದರ ಮೇಲೆ ಹಲ್ಲಿನಂಥ ಕ್ಯಾಪ್ ಬಿಗಿದುಕೊಟ್ಟರು. ಇಂಪ್ಲಾಂಟ್ ಅಂತ ಅದರ ಹೆಸರು. “ವರ್ಷಕ್ಕೊಮ್ಮೆ ಬಂದು ತೋರಸ್ರಿ ಸರ್” ಎಂದಿದ್ದರು. ದಾರಿಯಲ್ಲಿ ಸಿಕ್ಕವರು “ಒಮ್ಮೆ ಊಟಕ್ಕ ಬರ್ರಿ” ಎನ್ನುತ್ತಾರಲ್ಲ, ಆ ಥರದ ಉಪಚಾರದ ಮಾತೆಂದು ತಿಳಿದು ನಾನು ಅತ್ತ ಸುಳಿಯಲೇ ಇಲ್ಲ.

ಹುಳುಕು ಹಿಡಿಯದ ಹಲ್ಲು ಎಂದಮೇಲೆ ಕೆಲಸವನ್ನೆಲ್ಲ ಅದಕ್ಕೇ ಹಚ್ಚಿದೆ. ದಾರ ಕಡಿಯಲು ಅದು, ಶಾಂಪೂ ಪಾಕೀಟು ಹರಿಯಲು ಅದು, ಪೆನ್ನಿನ ಮುಚ್ಚಳ ತೆಗೆಯಲು ಅದು. ವರ್ಷಗಳು ಕಳೆದಂತೆ ಕ್ಯಾಪಿನ ಅಂಚು ಸವೆದು, ಮೂಲೆ ಚಕ್ಕೆಯೆದ್ದಿತು. ಅಲ್ಲಿಂದ ‘ಸ’ಕಾರ ಬಂದಾಗಲೆಲ್ಲ ಸಣ್ಣ ಸೀಟಿ ಹೊರಡತೊಡಗಿತು. “ಶಿಸ್ತು, ಸಂಯಮ, ಸದಾಚಾರ” ಎಂದು ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚಿನವರು ಬಸ್ಸು ಬಂತೇನೋ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಹಲ್ಲು ಅಲುಗಾಡತೊಡಗಿತು. ನಾಲಿಗೆಗೆ ಒಂದು ಉದ್ಯೋಗ ಸಿಕ್ಕಿತು. ಇಡೀ ದಿನ ಅದನ್ನು ಆಡಿಸುತ್ತ ಕೂಡುವುದು.

ಕೊನೆಗೆ ಮಹಾನಂದಾ ನನ್ನನ್ನು ಬೀದರಕ್ಕೆ ಎಳೆದೊಯ್ದಳು. ಗಾಂಧಿ ಗಂಜಿನ ಆಚೆಗೆ ಡಾಕ್ಟರಮ್ಮನ ಕ್ಲಿನಿಕ್. ಅವರು ಎಕ್ಸ್‌ರೇ ತೆಗೆದು ನೋಡಿ ಹೇಳಿದರು: “ಎಲುಬಿನಾಗಿನ ಸ್ಕ್ರೂ ಭಾರಿ ಗಟ್ಟಿ ಅದರಿ ಸರ್. ಮ್ಯಾಲಿನ ಕ್ಯಾಪ್ ಸವದದ, ಅದನ್ನ ಹಿಡಿದಿರೋ ಒಳಗಿನ ಸಣ್ಣ ಸ್ಕ್ರೂ ಸಡಲಾಗ್ಯದ. ಬುನಾದಿ ಚಲೋ ಇದ್ದು ಛತ್ತು ಸೋರಿದಂಗ. ಇವತ್ತೇ ಕ್ಯಾಪ್ ತೆಗೆದು ಹೊಸಾದಕ್ಕ ಅಳತಿ ತಗೋತೇನಿ.”

“ಇವತ್ತು ಬ್ಯಾಡ್ರಿ” ಎಂದೆ. “ಆಯ್ತವಾರ ಔರಾದಕ್ಕ ಹೋಗೋದದ. ಅಲ್ಲಿ ನಾ ಮಾತಾಡಬೇಕು.”

“ಹಂಗಿದ್ರ ಗಟ್ಟಿ ಏನೂ ಕಡೀಬ್ಯಾಡ್ರಿ” ಎಂದರು ಅವರು.

ಔರಾದದ ಕೆಲಸ ಸಣ್ಣದಾಗಿರಲಿಲ್ಲ. ನನ್ನ ತಂಗಿ ಕಲಾವತಿಯ ದೊಡ್ಡ ಮಗಳು ಅಶ್ವಿನಿ ಬೀದರದ ಆಸ್ಪತ್ರೆಯೊಂದರಲ್ಲಿ ನರ್ಸ್. ಔರಾದದ ಬಟ್ಟೆ ವ್ಯಾಪಾರಿಯ ಮಗ ವೈಜನಾಥ ಅವಳನ್ನು ಮೆಚ್ಚಿದ್ದ, ಅವಳೂ ಮೆಚ್ಚಿದ್ದಳು. ಆದರೆ ಮದುವೆಯಾದ ಮೇಲೆ ಹುಡುಗಿ ನೌಕರಿ ಬಿಡಬೇಕು ಎಂದು ಹುಡುಗನ ತಂದೆಯ ಹಟ. ತಂಗಿಯ ಗಂಡ ಹೊರಗಿನವರ ಮುಂದೆ ಬಾಯಿಬಿಡದ ಮನುಷ್ಯ. ಹಾಗಾಗಿ ಮಾತಿನ ಭಾರ ನನ್ನ ಮೇಲೆ ಬಿತ್ತು. ನಾನು ಸ್ತ್ರೀಶಿಕ್ಷಣದಿಂದ ಹಿಡಿದು ಶರಣರ ಕಾಯಕದವರೆಗೆ ಒಂದು ಭಾಷಣ ಕಟ್ಟಿ, ಕನ್ನಡಿಯ ಮುಂದೆ ರೂಢಿ ಮಾಡಿಕೊಂಡಿದ್ದೆ. ಅಶ್ವಿನಿ ಒಮ್ಮೆ ಕೇಳಿ, “ಮಾಮಾ, ಜರಾ ಸಣ್ಣದು ಮಾಡ್ಲಿಕ್ಕ ಬರಂಗಿಲ್ಲೇನು?” ಎಂದಿದ್ದಳು. ನಾನು ಅದಕ್ಕೆ ಕಿವಿಗೊಡಲಿಲ್ಲ.

ಅಶ್ವಿನಿಯನ್ನೂ ಕರೆದುಕೊಂಡು ನಾವೆಲ್ಲ ಔರಾದಕ್ಕೆ ಹುಡುಗನ ಮನೆಗೆ ಹೋದೆವು. ಚಹಾದ ಜೊತೆ ಶಂಕರಪಾಳಿ ಬಂತು. ಹುಡುಗನ ಅಜ್ಜಿ ತಾನೇ ಕರಿದದ್ದು ಎಂದು ಎದುರಿಗೆ ಕುಳಿತು, “ಘ್ಯಾ, ತಗೋರಿ ಮಾಸ್ತರ್” ಎಂದು ಮರಾಠಿ, ಕನ್ನಡ ಎರಡರಲ್ಲೂ ಒತ್ತಾಯ ಮಾಡಿದಳು. ಒಂದನ್ನು ಬಾಯಿಗಿಟ್ಟು ಕಡಿದೆ. ‘ಟಕ್’ ಎಂದಿತು. ಮುರಿದದ್ದು ಶಂಕರಪಾಳಿಯಲ್ಲ. ಕ್ಯಾಪು ಕಳಚಿ ನಾಲಿಗೆಯ ಮೇಲೆ ಬಂದು ಕುಳಿತಿತ್ತು.

ನುಂಗಿದರೆ ಹಲ್ಲು ಹೋಯಿತು, ಉಗುಳಿದರೆ ಮಾನ ಹೋಯಿತು. ನಾನು ಅದನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡು ತುಟಿ ಬಿಗಿದು ಕುಳಿತೆ. ಅದೇ ಹೊತ್ತಿಗೆ ಹುಡುಗನ ತಂದೆ ಗಂಟಲು ಸರಿಮಾಡಿಕೊಂಡು, “ಹುಡುಗಿ ನೌಕರಿದು ಹ್ಯಾಂಗ ಮಾಡೋದ್ರಿ ಮಾಸ್ತರ್?” ಎಂದರು.

ಎಲ್ಲರೂ ನನ್ನತ್ತ ನೋಡಿದರು. ತಂಗಿ ಕಣ್ಣಲ್ಲೇ ‘ಶುರು ಮಾಡು’ ಎಂದಳು. ನಾನು ಗಂಭೀರವಾಗಿ ಛಾವಣಿ ನೋಡಿದೆ. ತಂಗಿಯ ಮುಖ ಇಳಿದುಹೋಯಿತು. ಹುಡುಗನ ತಂದೆ ಕಸಿವಿಸಿಗೊಂಡು, “ಮಾಸ್ತರ್ ಸಿಟ್ಟಿಗೆದ್ದರೇನು?” ಎಂದು ಮಹಾನಂದಾಳನ್ನು ಕೇಳಿದರು.

“ಇಲ್ರಿ, ವಿಚಾರ ಮಾಡ್ಲಿಕತ್ತಾರ” ಎಂದಳು ಆಕೆ. ಮದುವೆಯಾದಾಗಿನಿಂದ ನನ್ನ ಬಗ್ಗೆ ಅವಳು ಹೇಳಿದ ಅತಿ ದೊಡ್ಡ ಸುಳ್ಳು ಅದೇ ಇರಬೇಕು.

ಆಗ ಅಶ್ವಿನಿಯೇ ತಲೆಯೆತ್ತಿ ಹುಡುಗನ ತಂದೆಯತ್ತ ತಿರುಗಿದಳು. ಅವಳ ಕೈ ಸೆರಗಿನ ತುದಿಯನ್ನು ತಿರುವುತ್ತಿತ್ತು, ದನಿ ಮಾತ್ರ ನೆಟ್ಟಗಿತ್ತು. “ನಾ ನೌಕರಿ ಬಿಡಂಗಿಲ್ಲರಿ ಮಾಮಾರ. ಅದನ್ನ ಬಿಟ್ಟ ಸೊಸಿ ಬೇಕಂದ್ರ ನೀವು ಬ್ಯಾರೆ ಹುಡುಗಿ ನೋಡಬೇಕಾಗ್ತದ.”

ವೈಜನಾಥ ಮೆಲ್ಲಗೆ, “ಅಪ್ಪಾ, ಬ್ಯಾರೆ ಹುಡುಗಿ ಬ್ಯಾಡ” ಎಂದ. ಕೂಡಲೇ ಅಜ್ಜಿ ಮಗನ ಮೇಲೆ ಎರಗಿದಳು: “ನನಗ ರಾತ್ರಿ ಬಿಪಿ ಏರಿದ್ರ ನೀ ನೋಡಾಂವ ಇದ್ದೀಯೇನು? ಮನಿಗಿ ನರ್ಸ್ ಬರ್ತೇನಿ ಅಂದ್ರ ಬ್ಯಾಡ ಅಂತಾನ ಹುಚ್ಚ!” ಹುಡುಗನ ತಂದೆ ಅತ್ತಿತ್ತ ನೋಡಿ, ಕೊನೆಗೆ ನನ್ನನ್ನೇ ನೋಡಿ, “ಆಯ್ತು ಮಾಸ್ತರ್, ಇಷ್ಟಕ್ಕ ನೀವು ಸಿಟ್ಟಾಗಬ್ಯಾಡ್ರಿ” ಎಂದುಬಿಟ್ಟರು. ನಾನು ಉದಾರವಾಗಿ ತಲೆಯಾಡಿಸಿದೆ.

ಸಕ್ಕರೆ ಹಂಚುವ ಗದ್ದಲದಲ್ಲಿ ಅಜ್ಜಿ ನನ್ನ ಪಕ್ಕ ಬಂದು ಸಣ್ಣ ವಾಟಿಯೊಂದನ್ನು ಸರಿಸಿದಳು. “ಹಲ್ಲೇನ್ರಿ? ಇದ್ರಾಗ ಹಾಕ್ರಿ. ನನಗ ಆಗಳೇ ತಿಳೀತು. ಹೋದ ವರ್ಷ ನಂದೂ ಶಂಕರಪಾಳಿಗೇ ಹೋತು” ಎಂದು ಬೊಚ್ಚು ಬಾಯಲ್ಲಿ ನಕ್ಕಳು. ಹಾಗೆ ಹೋದಮೇಲೂ ಅಷ್ಟೇ ಗಟ್ಟಿಯಾಗಿ ಕರಿಯುವ ಆಕೆಯ ಛಲಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಮರುದಿನವೇ ಬೀದರಕ್ಕೆ ಓಡಿದೆ. ಡಾಕ್ಟರಮ್ಮ ಅಳತೆ ತೆಗೆದುಕೊಂಡು, ಸದ್ಯಕ್ಕೊಂದು ತಾತ್ಕಾಲಿಕ ಕ್ಯಾಪ್ ಹಾಕಿ, ಹಲ್ಲುಬಣ್ಣದ ಮಾದರಿಗಳನ್ನು ಒಂದೊಂದಾಗಿ ನನ್ನ ತುಟಿಗೆ ಹಿಡಿದರು. ನಾನು ಎಲ್ಲಕ್ಕಿಂತ ಬಿಳಿಯದಕ್ಕೆ ಬೆರಳು ತೋರಿಸಿದೆ. “ಉಳಿದ ಹಲ್ಲು ಚಹಾ ಕುಡಿದು ಹ್ಯಾಂಗಾಗ್ಯಾವ ನೋಡ್ರಿ ಸರ್. ಇದೊಂದೇ ಟ್ಯೂಬ್‌ಲೈಟ್ ಕಾಣ್ತದ” ಎಂದು ಹಳದಿಗೆ ವಾಲಿದ ಒಂದನ್ನು ಆರಿಸಿದರು. ಕೆಲವು ದಿನಗಳ ಮೇಲೆ ಹೊಸ ಸ್ಕ್ರೂ ಬಿಗಿದು, ಹೊಸ ಕ್ಯಾಪ್ ಕೂಡಿಸಿ, ರಾತ್ರಿ ಹಲ್ಲು ಕಡಿಯುವ ಚಟಕ್ಕೊಂದು ಪ್ಲಾಸ್ಟಿಕ್ ಗವಸನ್ನೂ ಕೊಟ್ಟರು. ‘ಸ’ಕಾರದ ಸೀಟಿ ನಿಂತಿತು. ನಾನು ಮತ್ತೆ ದೀರ್ಘವಾಗಿ ಮಾತಾಡತೊಡಗಿದೆ.

ಮೊನ್ನೆ ತಂಗಿಯ ಫೋನು ಬಂತು. “ಅಣ್ಣಾ, ಸಣ್ಣಾಕಿಗೂ ನೋಡ್ಲಿಕ್ಕ ಬರ್ಲಿಕತ್ತಾರ. ನೀ ಬರಲೇಬೇಕು. ಖರೆ, ಬರೋ ಮುಂದ ಆ ಡಾಕ್ಟರಮ್ಮಗ ಒಂದು ಮಾತು ಕೇಳು. ಕ್ಯಾಪ್ ಅದೊಂದಿನಾ ತೆಗೆದು ಕೊಡ್ಲಿಕ್ಕ ಬರ್ತದೇನು?”

ನಾನು ನಾಚಿಕೆ ಬಿಟ್ಟು ಕೇಳಿಯೂ ಕೇಳಿದೆ. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದರು.

“ತೆಗೀಲಿಕ್ಕ ಬರ್ತದ್ರಿ ಸರ್. ಖರೆ ಬಾಯಿ ಮುಚ್ಚಿಕೊಂಡು ಕೂಡೋದು ನೀವೇ ಕಲೀಬೇಕು. ಅದಕ್ಕ ನಮ್ಮ ಕಡಿ ಸ್ಕ್ರೂ ಇಲ್ಲ.”